ಅಂಟಿಲ್ಲದೆ ನಿಂತ ಹನಿ

"ಗುರುಗಳೇ, ದೊಡ್ಡವರ ತಪ್ಪು ಕಣ್ಣಿಗೆ ಬಿದ್ದಾಗ ಮೊದಲು ನಮ್ಮ ಮನೆಯವರನ್ನು ಕಾಪಾಡಿಕೊಂಡು ಸುಮ್ಮನಿರುವುದು ತಪ್ಪೇ?" ಎಂದು ಶಿಷ್ಯ ಹುಲಿಗೆಪ್ಪ ಕೇಳಿದ. "ಸುಮ್ಮನಿದ್ದವನು ಯಾರಿಗೂ ಕೇಡು ಮಾಡುವುದಿಲ್ಲವಲ್ಲ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಗಿರಣಿಯಿತ್ತು. ಅದೇ ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆ, ನಾಮಕರಣಗಳ ಚಿತ್ರ ತೆಗೆಯುವುದು ಅವನ ಕಸುಬು. ನೀರಿನ ಹನಿಯ ಚಿತ್ರ ತೆಗೆಯುವುದು ಅವನ ಹುಚ್ಚು.

ಹಗಲಿನಲ್ಲೇ ಕಿಟಕಿಗೆ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲು ಮಾಡುತ್ತಿದ್ದ. ಸಲೈನ್ ಬಾಟಲಿಯೊಂದನ್ನು ತೂಗುಹಾಕಿ ತಟ್ಟೆಯ ನೀರಿಗೆ ಹನಿ ಬೀಳಿಸುತ್ತಿದ್ದ. ಹನಿ ಬಿದ್ದಲ್ಲಿ ನೀರು ಕಂಬದಂತೆ ಮೇಲೇಳುತ್ತದೆ. ಅದರ ತಲೆಗೆ ಎರಡನೆಯ ಹನಿ ಬಡಿದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಆ ಗಳಿಗೆಗೆ ಸರಿಯಾಗಿ ಫ್ಲ್ಯಾಶ್ ಹೊಡೆಯಬೇಕು. ಬರೀ ನೀರಿನ ಕೊಡೆ ಬೇಗ ಹರಿದು ಚಿಂದಿಯಾಗುತ್ತದೆ. ಅದಕ್ಕೇ ಅವನು ನೀರಿಗೆ ಚಿಟಿಕೆ ಗೋಂದು ಕಲಸುತ್ತಿದ್ದ. ಅಂಟಿದ್ದರೆ ಕೊಡೆ ನಿಲ್ಲುತ್ತದೆ.

ಒಂದು ದಿನ ಗೋಂದು ಕಲಸುವುದನ್ನು ಮರೆತ. ಆದರೂ ಕೊಡೆ ಹರಿಯಲಿಲ್ಲ. ಅಷ್ಟು ಚೆಂದದ ಚಿತ್ರ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆಗ ಅವನಿಗೆ ಗೋಂದಿನ ನೆನಪಾಯಿತು. ತಟ್ಟೆ, ಬಾಟಲಿ ಎರಡನ್ನೂ ಉಜ್ಜಿ ತೊಳೆದು ಬಾಗಿಲ ಮುಂದಿನ ಬೀದಿ ನಲ್ಲಿಯಿಂದ ಹೊಸ ನೀರು ಹಿಡಿದ. ಕೊಡೆ ನಿಂತಿತು. ಊರಾಚೆಯ ಬಾವಿಯಿಂದ ಒಂದು ತಂಬಿಗೆ ನೀರು ತಂದು ನೋಡಿದ. ಕೊಡೆ ಚಿಂದಿಯಾಯಿತು.

ನಲ್ಲಿಯ ನೀರು ಕಣ್ಣಿಗೆ ತಿಳಿಯಾಗಿತ್ತು. ಗಿರಣಿಯಲ್ಲಿ ಬಣ್ಣವನ್ನು ಅಂಟಿನಲ್ಲಿ ಕಲಸುತ್ತಾರೆಂದು ಅವನಿಗೆ ಗೊತ್ತಿತ್ತು. ಬಣ್ಣ ಕಾಣದಂತೆ ಮಾಡಿ ಉಳಿದದ್ದನ್ನು ಊರಿನ ನಲ್ಲಿಗಳಿಗೆ ನೀರು ಬರುವ ಹೊಳೆಗೆ ಬಿಡುತ್ತಿದ್ದಾರೆಂದು ಈಗ ಗೊತ್ತಾಯಿತು. ಅಂಟಿನ ಜೊತೆ ಇನ್ನೇನೇನು ಬರುತ್ತಿದೆಯೋ! ಬಾಗಿಲಾಚೆ ಹೆಂಡತಿ ಅದೇ ನಲ್ಲಿಯಿಂದ ಅನ್ನಕ್ಕೆ ನೀರು ಹಿಡಿಯುತ್ತಿದ್ದಳು.

"ಏನ್ರೀ, ಚಿತ್ರ ಬಂತೇ?"

"ಬಂತು. ಆ ನೀರು ಚೆಲ್ಲು."

ಹೆಂಡತಿಗೂ ಅವನು ಕಾರಣ ಹೇಳಲಿಲ್ಲ. ಹೇಳಿದರೆ ಬೀದಿಗೆ ಗೊತ್ತಾಗುತ್ತದೆ. ಬೀದಿಗೆ ಗೊತ್ತಾದರೆ ಗಿರಣಿಗೆ ಗೊತ್ತಾಗುತ್ತದೆ. ಆಮೇಲೆ ಅಂಗಡಿ ಮುಚ್ಚಿಸುತ್ತಾರೆ, ಕೈಕಾಲು ಮುರಿಸುತ್ತಾರೆ. ಬಾಗಿಲ ಬಳಿ ಸ್ಕೂಟರ್ ನಿಂತರೂ ಬೆವರಿದ. ಆ ಚಿತ್ರಗಳನ್ನೆಲ್ಲ ಅಳಿಸಿಹಾಕಿದ. ಮರುದಿನದಿಂದ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ತನ್ನ ಮನೆಗೆ ಮಾತ್ರ ಬಾವಿಯ ನೀರು ತರತೊಡಗಿದ.

ಪಕ್ಕದ ಮನೆಯವಳು ನೋಡುವಷ್ಟು ದಿನ ನೋಡಿದಳು. ಒಂದು ಬೆಳಿಗ್ಗೆ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ದಾರಿಗೆ ಅಡ್ಡ ನಿಂತಳು.

"ಏನಣ್ಣಾ, ನಾವು ಕೊಡ ಇಡುವ ನಲ್ಲಿ ನಿನಗೆ ಮೈಲಿಗೆಯಾಯಿತೇ?"

ಅವಳ ಮಾತಿನಲ್ಲಿ ಅವನಿಗೊಂದು ಮರೆ ಸಿಕ್ಕಿತು. "ಮನೆಯಲ್ಲಿ ಮಡಿ ಹಿಡಿದಿದ್ದೇವೆ, ಅಕ್ಕಾ" ಎಂದುಬಿಟ್ಟ.

"ಮಡಿಯಂತೆ ಮಡಿ! ಮೊನ್ನೆ ನನ್ನ ಮನೆಯ ಮೀನು ಸಾರಿಗೆ ಬಟ್ಟಲು ಹಿಡಿದು ಬಂದವನು ನೀನೇ ಅಲ್ಲವೇ? ನಿನ್ನ ಮಡಿಗಿಷ್ಟು ಬೆಂಕಿ ಹಾಕ. ಇದೇ ನೀರು ಕುಡಿದು ನಿನ್ನ ಕಣ್ಣೆದುರೇ ಬದುಕುತ್ತೇವೆ, ನೋಡು!"

ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು, ಅವನು ನೋಡುತ್ತಿರುವಂತೆಯೇ ಮಗಳಿಗೆ ಕುಡಿಸಿದಳು. ಮಗು ಗಟಗಟ ಕುಡಿಯಿತು. ಅವನು ಸೈಕಲ್ ತಳ್ಳಿಕೊಂಡು ಒಳಗೆ ಹೋದ.

ಅವಮಾನ ಬೀದಿಗೆಲ್ಲ ಮುಟ್ಟಿತು. ಬೀದಿಯವರು ಹಟ ಹಿಡಿದರು. ಅದುವರೆಗೆ ರುಚಿಗೆಂದು ಆಗೀಗ ಬಾವಿಯ ನೀರು ತರುತ್ತಿದ್ದವರೂ ನಿಲ್ಲಿಸಿದರು. ಆ ಜಾತಿಗೇಡಿ ಮುಟ್ಟಿದ ಬಾವಿ ನಮಗೆ ಬೇಡ ಎಂದರು.

ಮೂರು ತಿಂಗಳಿಗೆ ಪಕ್ಕದ ಮನೆಯ ಮಗು ತಿಂದದ್ದನ್ನೆಲ್ಲ ಕಕ್ಕತೊಡಗಿತು. ಕಣ್ಣು ಹಳದಿಯಾಯಿತು. ಯಾರದೋ ದೃಷ್ಟಿ ಎಂದು ತಾಯಿ ನಿವಾಳಿಸಿದಳು. ಆಸ್ಪತ್ರೆಗೆ ಹೊತ್ತೊಯ್ದಳು. ಗುಳಿಗೆ ನುಂಗಿಸಲು ನಲ್ಲಿಯ ನೀರನ್ನೇ ಕುದಿಸಿ ಆರಿಸಿ ಕೊಟ್ಟಳು. ಗೋಡೆಯಾಚೆ ಛಾಯಾಗ್ರಾಹಕ ಮಗುವಿನ ಅಳುವನ್ನು ಕೇಳುತ್ತ ಕುಳಿತಿದ್ದ. ನಾಳೆ ಹೇಳುತ್ತೇನೆ ಎಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ. ಒಂದು ದಿನ ಅಳು ಕೇಳಿಸಲಿಲ್ಲ.

ತಾಯಿ ಅವನ ಬಾಗಿಲಿಗೆ ಬಂದಳು. ಜಗಳ ಮರೆತಿದ್ದಳು. "ಅಣ್ಣಾ, ಮಗುವಿನದೊಂದು ಪಟವೂ ನಮ್ಮಲ್ಲಿಲ್ಲ. ಮಣ್ಣಿಗೆ ಇಡುವ ಮೊದಲು ಒಂದು ತೆಗೆದುಕೊಡು" ಎಂದಳು.

ಅವನು ಹೋದ. ಹೂವು ಸರಿಪಡಿಸಿದ. ಪಟ ತೆಗೆದ. ಆಗಲೂ ಹೇಳಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

"ಗಿರಣಿಯವರು ಅವನನ್ನು ಅದೆಷ್ಟು ಬೆದರಿಸಿದ್ದರೋ, ಗುರುಗಳೇ!" ಎಂದ ಹುಲಿಗೆಪ್ಪ.

"ಅಂಥವನೊಬ್ಬ ಇದ್ದಾನೆಂಬುದೇ ಅವರಿಗೆ ಇಂದಿಗೂ ಗೊತ್ತಿಲ್ಲ" ಎಂದರು ಗುರುಗಳು.