ಬೆಟ್ಟದ ತುದಿಯಲ್ಲಿ ಆಮೆಯಜ್ಜಿಯ ಜಾಗ

ದೇವರು ಕೊಟ್ಟ ಕಾಲು ನಿಧಾನದ್ದಾದರೂ ಆಮೆಯಜ್ಜಿ ಮೂರು ತಿಂಗಳು ಹತ್ತಿ, ಸೂರ್ಯೋದಯ ನೋಡಲು ಬೆಟ್ಟದ ತುದಿಯ ಬಂಡೆಗೆ ಬಂದಳು. ಬದುಕಿನಲ್ಲಿ ಅವಳಿಗಿದ್ದದ್ದು ಅದೊಂದೇ ಆಸೆ. ಪೂರ್ವ ಕೆಂಪಾಗುವ ಹೊತ್ತಿಗೆ ಕೋತಿಯ ಸಂಸಾರ ಬಂದಿಳಿಯಿತು.

“ಅಜ್ಜಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಎಲ್ಲರೂ ಭಗವಂತನ ಮಕ್ಕಳೇ ಅಲ್ಲವೇ ಎಂದು ಅಜ್ಜಿ ಒಂದು ಗೇಣು ಸರಿದಳು. ಆಡು ಬಂತು, ಅದಕ್ಕೂ ಅಡ್ಜಸ್ಟ್ ಮಾಡಿಕೊಂಡಳು. ನವಿಲು ಬಂದು ಗರಿ ಬಿಚ್ಚಿ ನಿಂತಿತು. ಈಗ ಅಜ್ಜಿಯ ಹಿಂಗಾಲಿಗೆ ನೆಲವೇ ಸಿಗಲಿಲ್ಲ.

“ಸಾಕು ಮಕ್ಕಳೇ, ನನ್ನ ಹಿಂದೆ ಪ್ರಪಾತ!”

“ಬೆಟ್ಟ ನಿಮ್ಮಪ್ಪಂದೇನಜ್ಜಿ? ನಾವೂ ದೂರದಿಂದಲೇ ಬಂದಿದ್ದೀವಿ” ಎಂದಿತು ಕೋತಿ. ಎಲ್ಲರೂ ನಕ್ಕರು. ನಗುವ ರಭಸಕ್ಕೆ ಆಡಿನ ಸೊಂಟ ತಗುಲಿ ಅಜ್ಜಿ ಕೆಳಗೆ ಉರುಳಿದಳು.

ಭಗವಂತ ದೊಡ್ಡವನು, ಎರಡಾಳು ಕೆಳಗೆ ಕಾರೆ ಪೊದೆಯೊಂದು ಅವಳನ್ನು ಹಿಡಿದುಕೊಂಡಿತು. ಯಾರಾದರೂ ಬಗ್ಗಿ ನೋಡುತ್ತಾರೆ, ಅಯ್ಯೋ ಎನ್ನುತ್ತಾರೆ ಎಂದು ಅಜ್ಜಿ ಅಂಗಾತ ಬಿದ್ದುಕೊಂಡೇ ಕಾದಳು. ಆಗ ಮೇಲಿನಿಂದ ಆಡಿನ ಕೂಗು ಕೇಳಿಸಿತು:

“ಕರಡಿಯಣ್ಣ, ಬೇಗ ಬನ್ರೀ! ಇಲ್ಲೊಂದು ಜಾಗ ಖಾಲಿ ಆಯ್ತು!”

ಅಜ್ಜಿ ದೇವರನ್ನೂ ಕರೆಯದೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು.