ಮೂರು ಹುಳುಮನೆಗೆ ಒಂದೇ ಗ್ರಾಫು

ಕೇಳ್ರಪ್ಪಾ, ನಗು ಬಂದರೆ ತಡೀಬೇಡಿ! ಒಂದೂರಲ್ಲಿ ರೇಷ್ಮೆ ಸಾಕೋ ಕೆಂಪತಾಯಮ್ಮ. ಅವಳಿಗೊಬ್ಬ ಮಗ ಚೆಲುವ. ಹೆಸರಿಗೆ ಚೆಲುವ, ಬುದ್ಧಿಗೆ ಬರಗಾಲ! ಹೇಳಿದ್ದಷ್ಟೇ ಮಾಡೋನು, ಹೇಳಿದ ಹಾಗೇ ಮಾಡೋನು. ಇವನಿಗೊಂದು ಹೆಣ್ಣು ಸಿಕ್ಕರೆ ಸಾಕಪ್ಪಾ ಅಂತ ಅವ್ವ ಕಂಡ ದೇವರಿಗೆಲ್ಲ ಕೈಮುಗಿದಿದ್ದಳು.

ಕೊನೆಗೂ ಬೋರಲಿಂಗೇಗೌಡರು ಮಗಳನ್ನು ಕೊಡೋ ಮನಸ್ಸು ಮಾಡಿದರು. "ಹುಡುಗ ಕಂಪ್ಯೂಟರ್ ಕಲ್ತವ್ನಂತೆ. ಶುಕ್ರವಾರ ಬಂದು ಅವನ ಕೆಲಸ ನೋಡ್ತೀವಿ," ಅಂದರು.

ಅವ್ವ ಓಡಿಬಂದಳು. "ಲೋ ಮಗ! ನಮ್ದು, ಚಿಕ್ಕವ್ವಂದು, ದೊಡ್ಡವ್ವಂದು, ಮೂರು ಹುಳುಮನೆಗೂ ಒಂದೊಂದು ಹಾಳೆ ಮಾಡು. ಕೆಳಗೆ ಆಯಾ ಮನೆ ರೇಷ್ಮೆಗೂಡಿನ ಇಳುವರಿ ಗ್ರಾಫು. ಮೇಲೆ ಊರಿನ ಬಿಸಿಲಿನ ಗ್ರಾಫು, ಅದು ಮೂರಕ್ಕೂ ಒಂದೇ!"

"ಆಗ್ಲವ್ವಾ!"

ಚೆಲುವ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಬಿಸಿಲಿನ ಗ್ರಾಫು ಬರೆದು ಮೊದಲನೇ ಹಾಳೆಗೆ ಸೇರಿಸಿದ. ಅದನ್ನೇ ಕಿತ್ತು ಎರಡನೇದಕ್ಕೆ ಸೇರಿಸಿದ. ಅದನ್ನೇ ಕಿತ್ತು ಮೂರನೇದಕ್ಕೆ ಸೇರಿಸಿದ. ಪ್ರಿಂಟು ತೆಗೆದರೆ ದೊಡ್ಡವ್ವನ ಹಾಳೆಯಲ್ಲಿ ಬಿಸಿಲು, ಮಿಕ್ಕೆರಡರ ಮೇಲ್ಗಡೆ ಬರೀ ಬಿಳೀ ಜಾಗ!

"ಒಂದೇ ಅಂದ್ಯಲ್ಲವ್ವಾ!"

"ಅಯ್ಯೋ ಪೆದ್ದೇ! ನಂಗೆ ನಿನ್ನ ಪೈಥಾನೂ ಗೊತ್ತಿಲ್ಲ, ಹೆಬ್ಬಾವೂ ಗೊತ್ತಿಲ್ಲ. ಆದ್ರೆ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ತರಬ್ಯಾಡ ಕಣೋ! ಬೇಕಾದ ಕಡೆ ಹೊಸದಾಗಿ ಬರಿ!"

"ಆಗ್ಲವ್ವಾ!"

ಮಾರನೇ ದಿನ ಹುಳುಮನೆಯ ಥರ್ಮಾಮೀಟರ್ ಬಿದ್ದು ಒಡೆಯಿತು. "ಓಡು, ಚಿಕ್ಕವ್ವನ ಮನೇದು ತಗಂಬಾ!" ಚೆಲುವ ಓಡಿದ, ನೋಡಿದ, ಬರಿಗೈಲಿ ಬಂದ. ಗೋಡೆ ಮೇಲೆ ಅಂಥದ್ದೇ ಒಂದು ಬರೆದ, ಪಾದರಸ ಇಪ್ಪತ್ತೈದಕ್ಕೆ ನಿಲ್ಲಿಸಿದ. ಅವ್ವ ದೂರದಿಂದಲೇ ನೋಡಿ, ತಂಪಾಗೈತೆ ಅಂತ ಕಿಟಕಿ ಮುಚ್ಚಿದಳು. ಮಧ್ಯಾಹ್ನಕ್ಕೆ ಹುಳುಗಳು ಸೆಕೆಗೆ ಒದ್ದಾಡಿಹೋದವು!

"ಇದೇನೋ ಇದು?"

"ತರಬ್ಯಾಡ, ಬರಿ ಅಂದ್ಯಲ್ಲವ್ವಾ!"

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ನಿನ್ನ ಬುದ್ಧಿ ಓಡಿಸಬ್ಯಾಡ! ಕೆಲಸದ ಕ್ರಮ ಒಂದ್ಸಲ ಕಲ್ತುಕೋ, ಎಲ್ಲಾ ಕಡೆ ಅದನ್ನೇ ಮಾಡು. ಹುಳುಮನೇಲಿ ಕಿಟಕಿ ತೆಗಿ, ಸುಣ್ಣದ ಪುಡಿ ಎರಚು, ಸೊಪ್ಪು ಹಾಕು. ಸೊಪ್ಪು ಮುಟ್ಟದಿದ್ರೆ ಹುಳ ಹಣ್ಣಾಯ್ತು ಅಂತ. ಎತ್ತಿ ಬಿದಿರಿನ ಚಂದ್ರಿಕೆ ಮೇಲೆ ಬಿಡು, ಗೂಡು ಕಟ್ತವೆ. ಯಾವ ಮನೆಯಾದ್ರೂ ಇದೇ! ನಿನ್ನ ಗ್ರಾಫಿಗೂ ಹಂಗೇ ಒಂದು ಕ್ರಮ ಬರೆದಿಟ್ಕೋ!"

"ಆಗ್ಲವ್ವಾ!"

ಅಬ್ಬಾ, ಬರೆದಿಟ್ಟನಪ್ಪ! ಗ್ರಾಫು ಬರೆಯೋ ಕ್ರಮವನ್ನು ಒಂದೇ ಸಲ ಬರೆದ, ಮೂರು ಹಾಳೆಗೂ ಮೂರು ಸಲ ನಡೆಸಿದ. ಮೂರರಲ್ಲೂ ಬಿಸಿಲು ಜಗ್ಗಂತ ಬಂತು! ಅವ್ವನಿಗೆ ಸ್ವರ್ಗ ಮೂರೇ ಗೇಣು.

ಶುಕ್ರವಾರ ಬೀಗರು ಬಂದರು. ಗೌಡರು ಹಾಳೆ ನೋಡಿ, "ಭಲೇ! ಹುಡುಗ ಜಾಣ! ಒಪ್ಪಿದ್ದೀವಿ ಕಣಮ್ಮಾ," ಅಂದರು. ಅವ್ವನ ಕಣ್ಣಲ್ಲಿ ನೀರು ಬಂತು. "ಮಗ, ಇವರನ್ನ ಚೆನ್ನಾಗಿ ನೋಡ್ಕೋ, ಕಾಫಿ ತತ್ತೀನಿ," ಅಂತ ಒಳಗೋಡಿದಳು.

ಕಾಫಿ ಹಿಡಿದು ಬಂದರೆ ಕಿಟಕಿಗಳೆಲ್ಲ ತೆರೆದಿವೆ! ಬೀಗರ ತಲೆ, ಮೀಸೆ, ರೇಷ್ಮೆ ಶಲ್ಯ ಎಲ್ಲ ಸುಣ್ಣ! ಮಡಿಲ ತುಂಬ ಹಿಪ್ಪುನೇರಳೆ ಸೊಪ್ಪು! ಚೆಲುವ ಗೌಡರನ್ನ ಎತ್ತಿ ಹೆಗಲಿಗೆ ಹಾಕ್ಕೊಂಡಿದ್ದಾನೆ, ಅವರು ಕಾಲು ಬಡಿಯುತ್ತಿದ್ದಾರೆ!

"ಬ್ಯಾಗ ಚಂದ್ರಿಕೆ ತಗಂಬಾ ಅವ್ವಾ!" ಅಂತ ಚೆಲುವ ಕೂಗಿದ. "ಮಾವ ಸೊಪ್ಪು ಮುಟ್ತಾ ಇಲ್ಲ, ಹಣ್ಣಾಗವ್ರೆ!"