ಕಲಾಯಿ ಲಾಲಸಾಬನ ಹುಣಸೆ ಸಾಲು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಒಂದೂರಲ್ಲಿ ಲಾಲಸಾಬ ಅಂತ ಒಬ್ಬ ಕಲಾಯಿಯವನಿದ್ದನಂತೆ. ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವುದು ಅವನ ಕೆಲಸ. ಅವನು ಕಲಾಯಿ ಹಾಕಿದ ಪಾತ್ರೆಯಲ್ಲಿ ಹೆಂಗಸರು ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದರಂತೆ. ಅವನು ಬಂದ ಅಂದರೆ ಕನ್ನಡಿ ಮಾರುವವನು ಗಂಟು ಕಟ್ಟುತ್ತಿದ್ದನಂತೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಬಿಟ್ಟು ಹೇಳಿದರೆ ಅಜ್ಜಿ ಬೈಯುತ್ತಿದ್ದಳು, ಅದಕ್ಕೇ ಹೇಳಿದೆ.

ಆ ಊರಿಗೆ ಒಮ್ಮೆ ಪಿಂಜಾರರ ಒಂದು ಸಂಸಾರ ಬಂತಂತೆ. ಹಾಸಿಗೆಯ ಅರಳೆ ಬಡಿದು ಹಗುರ ಮಾಡಿ ಕೊಡುವ ಜನ ಅವರು. ಒಂದು ಊರಿನ ಕೆಲಸ ಮುಗಿದರೆ ಮುಂದಿನ ಊರು. ಅಪ್ಪ ಹೊನ್ನೂರಸಾಬ, ಮಗಳು ಮಾಬವ್ವ. ಸುಗ್ಗಿ ಕಳೆದ ಮೇಲೆ ಮಗನ ಮದುವೆ ಅಂತ ಒಂದು ದೊಡ್ಡ ತಾಮ್ರದ ಬೋಗುಣಿ ತಂದು ಲಾಲಸಾಬನ ಮುಂದೆ ಇಟ್ಟರಂತೆ. ಬಳಗವೆಲ್ಲ ಉಣ್ಣಬೇಕಾದ ಸಾರು ಅದರಲ್ಲೇ ಕುದಿಯಬೇಕಿತ್ತು.

ಕಾದ ಪಾತ್ರೆಗೆ ತವರ ಮುಟ್ಟಿಸಿ, ಅದು ಕರಗಿದ ಕೂಡಲೇ ಅರಳೆಯಿಂದ ಒರೆಸುತ್ತ ಒಳಗೆಲ್ಲ ಹರಡಬೇಕು. ಅವತ್ತು ಲಾಲಸಾಬನ ಅರಳೆ ಮುಗಿದಿತ್ತಂತೆ. ಮಾಬವ್ವ ಹೋಗಿ ಆಗತಾನೇ ಬಡಿದ ಅರಳೆ ಒಂದು ಹಿಡಿ ತಂದು ಅವನ ಕೈಗಿಟ್ಟಳಂತೆ. ಆಮೇಲೆ ಅವನ ಕೈ ಬೋಗುಣಿಯಲ್ಲಿ, ಕಣ್ಣು ಎಲ್ಲೋ. ಎಲ್ಲಿ ಅಂತ ನಿಮಗೆ ಹೇಳಬೇಕಾಗಿಲ್ಲ.

ಮರುದಿನ ಇನ್ನೊಂದೂರಲ್ಲಿ ಒಲೆ ಹಚ್ಚಿ, ಇನ್ನೊಂದು ಪಾತ್ರೆಯೊಳಗೆ ಅರಳೆ ಆಡಿಸುವಾಗ ಅವನ ಕೈಗೆ ನೆನಪಾಯಿತಂತೆ. ನಿನ್ನೆ ಬೋಗುಣಿಯ ತಳದಲ್ಲಿ ಒಂದು ಕಡೆ ಕೈ ಹೋಗಿರಲಿಲ್ಲ. ಉಗುರಿನಷ್ಟು ಜಾಗ ಹಾಗೇ ಉಳಿದಿತ್ತು. ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಅಡುಗೆ ವಿಷವಾಗುತ್ತದೆ. ಆ ಹುಡುಗಿ ಉಣ್ಣುತ್ತಾಳೆ, ಅವಳ ಬಳಗವೆಲ್ಲ ಉಣ್ಣುತ್ತದೆ. ಲಾಲಸಾಬ ಎದ್ದುಬಿದ್ದು ಓಡಿ ಬಂದನಂತೆ. ಅಷ್ಟರಲ್ಲಿ ಪಿಂಜಾರರು ಹೊರಟು ಹೋಗಿದ್ದರು. ಯಾವ ದಾರಿ ಹಿಡಿದರು ಅಂತ ಯಾರೂ ನೋಡಿರಲಿಲ್ಲ.

ಯಾರ ಕೈಲಾದರೂ ಹೇಳಿ ಕಳಿಸಬಾರದಿತ್ತೇ ಅಂತೀರಿ. ಯಾವ ಊರಿಗೆ ಕಳಿಸುತ್ತಾನೆ? ಮೇಲಾಗಿ ತಳ ಬಿಟ್ಟು ಕಲಾಯಿ ಹಾಕಿದೆ ಅಂತ ಬಾಯಿ ಬಿಟ್ಟರೆ ಮತ್ತೆ ಅವನ ಕೈಗೆ ಪಾತ್ರೆ ಕೊಡುವವರು ಯಾರು? ಅದಕ್ಕೇ ಅವನು ಹಾಡು ಕಟ್ಟಿದನಂತೆ. ಹಾಡಿಗೆ ವಿಳಾಸ ಬೇಕಾಗಿಲ್ಲ, ಹೇಗೋ ಊರು ಸೇರಿಕೊಳ್ಳುತ್ತದೆ.

ಅರಳೆ ಕೊಟ್ಟ ಹುಡುಗಿ, ನಿಂತು ಮಾತು ಕೇಳ,
ನಿನ್ನ ಹಿಂದೆ ಬಂದ ನನ್ನ ಕಣ್ಣು ಕಳಿಸಿಕೊಡ,
ತಾಮ್ರದ ಬೋಗುಣ್ಯಾಗ ಹುಣಸಿಹಣ್ಣ ಹಾಕಬ್ಯಾಡ.

ಒಲೆಗೆ ಗಾಳಿ ಊದುವ ತಿದಿ ಒತ್ತುತ್ತ, ಅದರ ಉಸಿರಿಗೆ ಸರಿಯಾಗಿ ಹಾಡಿದನಂತೆ. ಕೇಳಿದವರೆಲ್ಲ ಕಲಿತರಂತೆ. ಅಲ್ಲಿಂದ ಅವನ ಪಾಡು ಶುರುವಾಯಿತು.

ಗಾಡಿ ಹೊಡೆಯುವವರು ಅದನ್ನು ಎತ್ತಿನ ಗೆಜ್ಜೆಗೆ ಹೊಂದಿಸಿ ಓಡಿಸಿಬಿಟ್ಟರಂತೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಎಷ್ಟು ಎಳೆದರೆಂದರೆ, ಹುಣಸೆಹಣ್ಣು ಬರುವಷ್ಟರಲ್ಲಿ ಒಂದು ಹಿಡಿ ಜೋಳ ಹಿಟ್ಟಾಗುತ್ತಿತ್ತಂತೆ. ಬಾಜಾದವರು ಮಾತೇ ಇಲ್ಲದೆ ಊದಿದರಂತೆ. ಇದೆಲ್ಲ ಇರಲಿ. ಒಂದು ನಾಟಕ ಕಂಪನಿ ಆ ಹಾಡನ್ನು ರಾಜಕುಮಾರನ ಬಾಯಿಗೆ ಹಾಕಿತಂತೆ. ಪ್ರೀತಿಯ ನಡುವೆ ಹುಣಸೆಹಣ್ಣು ಯಾತಕ್ಕೆ ಅಂತ ಮಾಲೀಕ ಆ ಸಾಲು ಕಿತ್ತು, ಮಲ್ಲಿಗೆ ಹೂವು ಬಾಡಿಸಬ್ಯಾಡ ಅಂತ ಸೇರಿಸಿದನಂತೆ. ಜನಕ್ಕೆ ಮಲ್ಲಿಗೆಯೇ ಹಿಡಿಸಿತು. ಎಲ್ಲಿ ನೋಡಿದರೂ ಅದೇ ಹಾಡು.

ಲಾಲಸಾಬ ಕಂಪನಿಯ ಬಿಡಾರಕ್ಕೇ ಹೋದನಂತೆ. "ಹಾಡು ನಂದಲ್ಲ, ನಿಮ್ದೇ ಅಂತ ಹೇಳ್ಕೊಳ್ರಿ ಸಾಹೇಬ್ರ," ಅಂದನಂತೆ. "ಹುಣಸಿಹಣ್ಣು ಒಂದು ಹೊಳ್ಳಿ ಹಾಕ್ರಿ." ನೀನು ಪ್ರೇಮಿಯೋ ಅಡುಗೆಭಟ್ಟನೋ ಅಂತ ಮಾಲೀಕ ನಕ್ಕನಂತೆ. ಬಿಡಾರದವರೆಲ್ಲ ನಕ್ಕರಂತೆ. ಅವತ್ತಿನಿಂದ ಅವನಿಗೆ ಹುಣಸೆ ಲಾಲಸಾಬ ಅಂತಲೇ ಹೆಸರು ಬಿತ್ತು.

ಸುಗ್ಗಿ ಬಂತು, ಹೋಯಿತು. ಮೊದಮೊದಲು ಹೋದಲ್ಲೆಲ್ಲ ಪಿಂಜಾರರ ಸುದ್ದಿ ಕೇಳುತ್ತಿದ್ದನಂತೆ. ಆಮೇಲೆ ಕೇಳುವುದಕ್ಕೂ ಹೆದರಿದನಂತೆ. ಊಟಕ್ಕೆ ಕೂತರೆ ಸಾರು ಮುಟ್ಟುತ್ತಿರಲಿಲ್ಲ. ಪಾಪ, ಮನುಷ್ಯ ಸೊರಗಿ ಹೋದ.

ಒಂದು ಬೆಳಿಗ್ಗೆ ದೂರದ ಯಾವುದೋ ಊರಲ್ಲಿ ಒಲೆ ಹಚ್ಚಿ ಕೂತಿದ್ದನಂತೆ. ಎದುರು ಮನೆಯಲ್ಲಿ ಒಬ್ಬಾಕೆ ಬೀಸುತ್ತ ಅವನ ಹಾಡೇ ಹಾಡುತ್ತಿದ್ದಳು. ನಿಧಾನ ಧಾಟಿ. ಹುಣಸೆಯ ಸಾಲು ಬಂತು. ಅಷ್ಟಕ್ಕೆ ಹಾಡು ಮುಗಿಯಬೇಕಿತ್ತು, ಮುಗಿಯಲಿಲ್ಲ.

ಹುಣಸಿಹಣ್ಣ ಹಾಕಲಿಲ್ಲ, ಅರಳೆ ತುಂಬಿಟ್ಟೀನಿ,
ಉಗುರಿನಷ್ಟು ಜಾಗ ಉಳದೈತಿ, ಬಂದು ಬೆಳಗಿ ಹೋಗ.

ಉಗುರಿನಷ್ಟು ಜಾಗದ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಹಾಡಿನಲ್ಲೂ ಇಟ್ಟಿರಲಿಲ್ಲ. ಅದು ಗೊತ್ತಾಗಬೇಕಾದರೆ ಆ ಬೋಗುಣಿಯ ತಳವನ್ನೇ ನೋಡಿರಬೇಕು. ಅವಳು ನೋಡಿದ್ದಾಳೆ, ಬದುಕಿದ್ದಾಳೆ, ಎಲ್ಲರೂ ಬದುಕಿದ್ದಾರೆ. ಲಾಲಸಾಬ ತಿದಿ ಬಿಟ್ಟು ಬೀದಿಯಲ್ಲೇ ಕೂತು ಅತ್ತನಂತೆ. ಅಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿದರೆ ಯಾರಿಗಾದರೂ ಅಳು ಬರುತ್ತದೆ.

ಬೀಸುತ್ತಿದ್ದಾಕೆ ಗಾಬರಿಯಾಗಿ ಹೊರಗೆ ಬಂದಳು. ಹಾಡು ಎಲ್ಲಿ ಕಲಿತೆ ತಾಯಿ ಅಂದ. ನಾದಿನಿಯ ಊರಲ್ಲಿ ಅಂದಳು. ಆ ಊರಿಗೆ ಹೋದ. ಅಲ್ಲಿ ಅದನ್ನು ಜೋಗುಳ ಮಾಡಿಕೊಂಡಿದ್ದರು. ಅವರು ಇನ್ನೊಂದೂರು ತೋರಿಸಿದರು, ಅಲ್ಲಿ ಕಳೆ ಕೀಳುವಾಗ ಹಾಡುತ್ತಿದ್ದರು. ಧಾಟಿ ಬೇರೆ, ಮಾತು ಒಂದೆರಡು ಬೇರೆ. ಹುಣಸೆ ಮಾತ್ರ ಇತ್ತು, ಉಗುರು ಇತ್ತು. ಯಾರು ಹೇಗೆ ಬದಲಾಯಿಸಿದರೂ ಈಗ ಅವನಿಗೆ ಸಿಟ್ಟು ಬರುತ್ತಿರಲಿಲ್ಲವಂತೆ. ಹಾಡು ಹಿಡಿದುಕೊಂಡೇ ಹೋಗಿ ಮಾಬವ್ವನ ಮನೆ ಮುಟ್ಟಿದನಂತೆ.

ಆಗಿದ್ದು ಇಷ್ಟು. ಮದುವೆಯ ದಿನ ಹುಣಸೆ ನೆನೆಹಾಕಿದ್ದರು. ಬೋಗುಣಿ ಆಗತಾನೇ ಗಂಟಿನಿಂದ ಹೊರಗೆ ಬಂದಿತ್ತು. ಮದುವೆಮನೆಗೆ ಹಿಟ್ಟು ಬೀಸಲು ಬಂದ ಹೆಂಗಸರು ಹಾಡಿಕೊಂಡರು. ಗಾಡಿಯವರ ಓಟದಲ್ಲಿ ಹಾಡಿದ್ದರೆ ಕಿವಿಗೆ ಬೀಳುತ್ತಿರಲಿಲ್ಲ. ಕಂಪನಿಯ ಮಲ್ಲಿಗೆ ಹಾಡಿದ್ದರೆ ಮಾಬವ್ವ ನಾಚಿಕೊಂಡು ಸುಮ್ಮನಾಗುತ್ತಿದ್ದಳು. ಎಳೆದು ಎಳೆದು ಹಾಡಿದ್ದರಿಂದ ಪ್ರತಿ ಮಾತೂ ಕೇಳಿಸಿತು. ಅವಳು ಓಡಿ ಬಂದು ಬೋಗುಣಿಯನ್ನು ಬಿಸಿಲಿಗೆ ಹಿಡಿದು ನೋಡಿದಳಂತೆ, ಸಾರನ್ನು ಮಣ್ಣಿನ ಮಡಕೆಗಳಲ್ಲಿ ಮಾಡಿಸಿದಳಂತೆ. ಆ ಹೆಂಗಸರ ಹಾಡಿನ ಕೊನೆಗೆ ತನ್ನ ಎರಡು ಸಾಲು ಸೇರಿಸಿ ಕಳಿಸಿದಳಂತೆ. ಆಮೇಲೆ ಬೇರೆ ಕಲಾಯಿಯವರು ಎಷ್ಟು ಜನ ಬಂದರೂ ಆ ಬೋಗುಣಿಯನ್ನು ಹೊರಗೆ ತೆಗೆಯಲಿಲ್ಲವಂತೆ.

ಅವನು ಬಂದು ನಿಂತಾಗ ಅರಳೆ ಸುರಿದು ಬೋಗುಣಿಯನ್ನು ಮುಂದಿಟ್ಟಳಂತೆ. "ಅವತ್ತು ಕಣ್ಣು ಎಲ್ಲಿತ್ತು ಅಂತ ನನಗ ಗೊತ್ತದ," ಅಂದಳಂತೆ. "ಇವತ್ತಾದ್ರೂ ಬೋಗುಣಿ ನೋಡಿ ಕೆಲಸ ಮಾಡು." ಹೊನ್ನೂರಸಾಬ ಬಾಗಿಲಲ್ಲೇ ನಿಂತು ಕೇಳಿಸಿಕೊಂಡನಂತೆ. ಅವನೂ ಒಂದು ಕಾಲಕ್ಕೆ ಹುಡುಗನಾಗಿದ್ದವನೇ. ಮುಂದಿನ ಮದುವೆ ಆ ಮನೆಯಲ್ಲೇ ಆಯಿತು.

ನಮ್ಮ ಕಡೆ ಮದುಮಗಳ ಪಾತ್ರೆಗೆ ಕಲಾಯಿ ಹಾಕುವವನು ಕಂಠದ ಹತ್ತಿರ ಉಗುರಿನಷ್ಟು ಜಾಗ ಬಿಡುತ್ತಿದ್ದ. ಮದುಮಗಳು ಅರಳೆ ಕೊಡಬೇಕು, ಮದುಮಗ ಆ ಜಾಗ ಬೆಳಗಬೇಕು. ಹಾಡನ್ನು ಬ್ಯಾಂಡಿನವರು ಹಾಡಲಿ, ಮೊಬೈಲಿನಲ್ಲಿ ಹಚ್ಚಲಿ, ಯಾವ ಧಾಟಿಯಾದರೂ ಯಾರೂ ಏನೂ ಅನ್ನುವುದಿಲ್ಲ. ಹುಣಸೆಯ ಸಾಲು ಬಿಟ್ಟರೆ ಮಾತ್ರ ಮುದುಕಿಯರು ಎದ್ದು ನಿಲ್ಲುತ್ತಾರೆ. ಈಗ ಎಲ್ಲ ಸ್ಟೀಲು, ಕಲಾಯಿ ಯಾರಿಗೂ ಬೇಕಾಗಿಲ್ಲ. ಆದರೂ ಮದುವೆಮನೆಯಲ್ಲಿ ಸಾರಿಗೆ ಹುಣಸೆಹುಳಿ ಬಿಡುವ ಮೊದಲು, ಒಲೆಗೆ ಏರಿಸುವ ಮುಂಚೆಯೇ ಅಡುಗೆಯವನು ಪಾತ್ರೆಯೊಳಗೆ ಬಗ್ಗಿ, ತಳದ ತುಂಬ ಒಮ್ಮೆ ಹೆಬ್ಬೆರಳು ಆಡಿಸುತ್ತಾನೆ.